ಬಾಗಲಕ್ವಾಟಿಗೆ ಎರಡು ಟಿಕೆಟ್

ತುಂಗೆಯ ದಡದಲ್ಲಿ ಒಂದು ಆಶ್ರಮ. ಅಲ್ಲಿಯ ಗುರುಗಳು ಹಾಲಯ್ಯನವರು. ಅವರ ಶಿಷ್ಯರಲ್ಲಿ ಒಬ್ಬನ ಹೆಸರು ಹೊಳಬಸು, ಊರು ಬಾಗಲಕೋಟೆ.

ಆ ಊರಿನ ಜನ ತಮ್ಮ ಊರನ್ನು ಹಾಗೆ ಕರೆಯುವುದಿಲ್ಲ. ಬಾಯ್ತುಂಬ ಬಾಗಲಕ್ವಾಟಿ ಎನ್ನುತ್ತಾರೆ.

ಆಶ್ರಮಕ್ಕೆ ಬಂದ ದಿನ ಹೊಳಬಸುವೂ ಹಾಗೇ ಅಂದಿದ್ದ. ಊಟದ ಪಂಕ್ತಿಗೆ ಪಂಕ್ತಿಯೇ ಗೊಳ್ಳೆಂದು ನಕ್ಕಿತು. ಅಂದಿನಿಂದ ಅವನು ತನ್ನ ನಾಲಗೆಯನ್ನು ತಿಕ್ಕಿ ತೊಳೆದ. ಆರು ವರ್ಷದಲ್ಲಿ ಮಾತು ಅಚ್ಚಾದ ಪುಸ್ತಕದಂತಾಯಿತು. ಅವ್ವನಿಗೆ ಫೋನು ಮಾಡಿದರೆ ಅವಳು, "ಯಾರ್ರೀ ಮಾತಾಡೂದು?" ಎಂದು ಕೇಳುತ್ತಿದ್ದಳು.

ಆ ವರ್ಷ ಶ್ರಾವಣದ ಪ್ರವಚನಕ್ಕೆ ಬಾಗಲಕೋಟೆಯಿಂದಲೇ ಕರೆ ಬಂತು.

"ಈ ಸಲ ನೀನು ಹೇಳು," ಎಂದರು ಗುರು.

ಹೊಳಬಸುವಿನ ಮುಖ ಬಾಡಿತು. "ಬೇರೆ ಯಾವ ಊರಿಗಾದರೂ ಕಳಿಸಿ ಗುರುಗಳೇ. ಅಲ್ಲಿ ನಿಂತರೆ ಹಳೆಯ ಮಾತು ಬಾಯಿಗೆ ಬಂದುಬಿಡುತ್ತದೆ. ಆರು ವರ್ಷದ ಓದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ."

ಗುರು ವಾದ ಮಾಡಲಿಲ್ಲ. "ನೀನು ಹೇಳುವ ಮಾತು ಆಮೇಲೆ. ಮೊದಲು ನನಗೆ ನಿಮ್ಮ ಊರಿನ ಹೆಸರು ಹೇಳಲು ಕಲಿಸು."

"ಅದು ನಿಮಗೆ ಗೊತ್ತಲ್ಲ. ಬಾಗಲಕೋಟೆ."

"ಅದು ಬೋರ್ಡಿನ ಮೇಲೆ ಬರೆದದ್ದು. ನಿಮ್ಮವ್ವ ಅನ್ನುವುದನ್ನು ಕಲಿಸು."

ಹೊಳಬಸು ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಮೆಲ್ಲಗೆ ಹೇಳಿದ.

ಗುರು ಹೇಳಿದರು, ತಪ್ಪಿತು. ಮತ್ತೆ ಹೇಳಿದರು, ಮತ್ತೆ ತಪ್ಪಿತು. ಶಾಸ್ತ್ರಗಳನ್ನು ಅರೆದು ಕುಡಿದವರು ಒಂದು ಊರಿನ ಹೆಸರಿಗೆ ಬೆವರಿದರು.

"ಎಲ್ಲಿ ತಪ್ಪುತ್ತಿದೆ?"

"ಕ್ವಾ ಅನ್ನುವಾಗ ನೀವು ಹೆದರುತ್ತೀರಿ. ಹಲಗಿಗೆ ಪೆಟ್ಟು ಬಿದ್ದ ಹಾಗೆ ಬೀಳಬೇಕು." ಹೊಳಬಸು ಊಟದ ಮಣೆಯನ್ನು ಎಳೆದುಕೊಂಡು ಬಾರಿಸಿ ತೋರಿಸಿದ. "ನಮ್ಮಲ್ಲಿ ಹೋಳಿ ಬಂದರೆ ಓಣಿ ಓಣಿಗೂ ಹಲಗಿ ಬಾರಿಸುತ್ತಾರೆ. ಗೋಡೆ ನಡುಗುತ್ತದೆ."

ಹೇಳಿದ ಮೇಲೆ ತನ್ನ ದನಿ ಎಷ್ಟು ಏರಿತ್ತೆಂದು ಅವನಿಗೇ ತಿಳಿಯಿತು. ನಾಚಿ ಮಣೆಯನ್ನು ದೂರ ಸರಿಸಿದ.

ಮೂರು ದಿನ ಪಾಠ ನಡೆಯಿತು. ಮೂರನೆಯ ದಿನ ಗುರು ಕೇಳಿದರು: "ಈ ಹೆಸರನ್ನು ನೀನು ಮೊದಲು ಕೇಳಿದ್ದೆಲ್ಲಿ?"

"ಹೊಳೆಯ ದಂಡೆಯ ಓಣಿಯಲ್ಲಿ, ನಮ್ಮ ಮನೆಯಲ್ಲಿ. ಈಗ ಆ ಮನೆ ಇಲ್ಲ. ಅಣೆಕಟ್ಟಿನ ಹಿನ್ನೀರು ಬಂದು ಓಣಿ ಮುಳುಗಿತು. ನಾವು ಮೇಲಿನ ಹೊಸ ಬಡಾವಣೆಗೆ ಹೋದೆವು."

"ಹೋಗುವಾಗ ಏನೇನು ಒಯ್ದಿರಿ?"

"ಬಾಗಿಲು, ತೊಲೆ, ಅವ್ವನ ಮಗ್ಗ." ಇನ್ನೊಂದು ಬೆರಳು ಮಡಚಿ ಹೇಳಿದ: "ಊರಿನ ಹೆಸರು."

ಗುರು ಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡು ಬಾರಿಸಿದರು. ಈ ಸಲ ಹೆಸರು ಸರಿಯಾಗಿ ಬಿತ್ತು.

ಗುರುವೇ ಜೊತೆಗೆ ಹೊರಟು ನಿಂತ ಮೇಲೆ ಶಿಷ್ಯನಿಗೆ ಒಲ್ಲೆ ಎನ್ನಲಾಗಲಿಲ್ಲ. ಆದರೆ ಬಾಯಿ ಜಾರದಿರಲೆಂದು ಪ್ರವಚನವನ್ನು ಅಕ್ಷರ ಅಕ್ಷರವಾಗಿ ಬರೆದುಕೊಂಡ. ಮೊದಲ ಸಾಲು, "ಬಾಗಲಕೋಟೆಯ ಮಹಾಜನರೇ." ಗುರು ಅದನ್ನು ಓದಿದರು, ಮಡಚಿ ವಾಪಸು ಕೊಟ್ಟರು.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿದರು. ಕಂಡಕ್ಟರ್ ಬಂದಾಗ ಗುರು ಅಂದರು: "ಬಾಗಲಕ್ವಾಟಿ ಎರಡು."

ಕಂಡಕ್ಟರ್ ತಲೆಯನ್ನೂ ಎತ್ತಲಿಲ್ಲ. ಟಿಕೆಟ್ ಕೊಡುತ್ತ, "ಊರಿಗೆ ಹೊಂಟ್ರಿ ಅಜ್ಜಾರ?" ಎಂದ.

ಹೊಳಬಸುವಿಗೆ ಹೆಮ್ಮೆ ತಡೆಯಲಾಗಲಿಲ್ಲ. ತನ್ನ ಶಿಷ್ಯ ಪರೀಕ್ಷೆ ಪಾಸಾದಷ್ಟು ಹಿಗ್ಗಿದ. ದಾರಿಯುದ್ದಕ್ಕೂ ಒಬ್ಬನೇ ನಗುತ್ತ ಕಿಟಕಿಯಾಚೆ ನೋಡಿದ.

ಸಂಜೆ ಮಂಟಪ ತುಂಬಿತ್ತು. ನೇಕಾರರು, ಹಮಾಲರು, ಶಾಲೆಯ ಮಾಸ್ತರರು. ಮುಂದಿನ ಸಾಲಿನಲ್ಲಿ ಹೊಳಬಸುವಿನ ಅವ್ವ ತಲೆಯ ಮೇಲೆ ಸೆರಗು ಹೊದ್ದು ಕುಳಿತಿದ್ದಳು.

ಗುರು ಮೊದಲು ಎದ್ದು ಮೈಕಿನ ಮುಂದೆ ನಿಂತರು.

"ಬಾಗಲಕೋಟೆಯ ಮಹಾಜನರೇ."

ಅಷ್ಟು ಹೇಳಿ ಹೊಳಬಸುವಿನ ಕಡೆ ನೋಡಿದರು. ಜನ ಮರ್ಯಾದೆಯಿಂದ ಕೈ ಮುಗಿದರು, ಹೊರಗಿನಿಂದ ಬಂದ ದೊಡ್ಡವರಿಗೆ ಮುಗಿಯುವಂತೆ.

ಹೊಳಬಸುವಿಗೆ ಕಸಿವಿಸಿಯಾಯಿತು. ಅದು ಅವನೇ ಬರೆದ ಸಾಲು. ಆದರೆ ಗುರುವಿನ ಬಾಯಲ್ಲಿ ಕೇಳಿದಾಗ ಅದು ಇನ್ಯಾರದೋ ಊರು ಅನ್ನಿಸಿತು. ತನ್ನ ಅವ್ವ ಆ ಊರಿನಲ್ಲಿ ಇರಲೇ ಇಲ್ಲ.

ಗುರು ಮತ್ತೆ ಅಂದರು: "ಬಾಗಲಕೋಟೆಯ ಮಹಾಜನರೇ."

ಹೊಳಬಸು ದಡಬಡಿಸಿ ಎದ್ದು ಮೈಕಿನ ಹತ್ತಿರ ಬಂದ.

"ಹಂಗಲ್ರೀ ಅಜ್ಜಾರ! ನಿಮಗ ಬರತೈತಲ್ರೀ, ಬಸ್ಸಿನ್ಯಾಗ ಎಷ್ಟು ಛಂದ ಅಂದ್ರಿ! ಬಾಗಲಕ್ವಾಟಿ ಅನ್ರಿ. ನಮ್ಮ ಬಾಗಲಕ್ವಾಟಿ!"

ಮೈಕು ಅದನ್ನು ಓಣಿಗಳಿಗೆಲ್ಲ ಮುಟ್ಟಿಸಿತು.

ಮಂಟಪಕ್ಕೆ ಮಂಟಪವೇ ನಕ್ಕಿತು. ಆಮೇಲೆ ಚಪ್ಪಾಳೆ, ಸಿಳ್ಳೆ. "ಏ, ನಮ್ಮ ಹುಡುಗ ಅದಾನಲೇ ಇಂವ!" ಎಂದು ಹಿಂದಿನಿಂದ ಯಾರೋ ಕೂಗಿದರು. ಅವ್ವ ಪಕ್ಕದವಳ ತೋಳು ಹಿಡಿದು ಅಲುಗಿಸುತ್ತ, "ನನ್ನ ಮಗಾರೀ, ನನ್ನ ಮಗ," ಎನ್ನುತ್ತಿದ್ದಳು.

ಹೊಳಬಸು ಅಭ್ಯಾಸದಂತೆ ನಾಲಗೆ ಕಚ್ಚಿಕೊಂಡ. ಈ ನಗು ಪಂಕ್ತಿಯ ನಗುವಿನಂತಿರಲಿಲ್ಲ. ಕೈಯಲ್ಲಿದ್ದ ಹಾಳೆಯನ್ನು ಜೋಳಿಗೆಗೆ ಹಾಕಿದ.

ಗುರು ವೇದಿಕೆಯಿಂದ ಇಳಿದರು. ಜಮಖಾನದ ಮೇಲೆ, ನೇಕಾರರ ನಡುವೆ ಜಾಗ ಮಾಡಿಕೊಂಡು ಕುಳಿತು ಶಿಷ್ಯನಿಗೆ ಕೈ ಮುಗಿದರು.

"ಈಗ ಬಂದಿ ನೋಡು ಬಾಗಲಕ್ವಾಟಿಗೆ. ಶುರು ಮಾಡು."