ಸೀಗೆಕಾಯಿ ಹಾಕಿ ತೊಳೆದ ಮೇಕೆ

ಬಲಗಡೆ ತಿರುಗಿ ಮಲಗು, ಕೈ ಹೊದಿಕೆಯ ಒಳಗಿರಲಿ. ನಡುವೆ ಪ್ರಶ್ನೆ ಕೇಳಬಾರದು.

ಬಹಳ ಹಿಂದೆ, ನಮ್ಮ ಲೆಕ್ಕಕ್ಕೆ ಸಿಗದ ಒಂದು ಕಾಲದಲ್ಲಿ, ಹುಣಸೆಕಟ್ಟೆ ಅನ್ನುವ ಊರಿನಲ್ಲಿ ನಮ್ಮ ವಂಶದ ದೇವಾಜಮ್ಮ ಇದ್ದರಂತೆ. ಆರು ತಲೆಮಾರಿನಿಂದ ಆ ಮನೆಯ ಮೇಲೆ ಯಾರೂ ಒಂದು ಮಾತು ಆಡಿದವರಿಲ್ಲ. ಊರಿನ ಜಗಳ ಅವರ ಜಗಲಿಯಲ್ಲೇ ತೀರುತ್ತಿತ್ತಂತೆ, ಬಾಯಾರಿ ಬಂದವರಿಗೆ ಮಜ್ಜಿಗೆ ಇಲ್ಲ ಅಂದದ್ದೇ ಇಲ್ಲವಂತೆ, ಅವರ ಐದು ಮೇಕೆಗಳು ಕೂಡ ಬೇರೆಯವರ ಬೇಲಿಗೆ ಬಾಯಿ ಹಾಕಿದ್ದಿಲ್ಲವಂತೆ. ಆ ಐದಕ್ಕೆ ಹಿರಿಯಳು ಕೆಂಚಿ. ಅದು ಕೊಟ್ಟಿಗೆಯ ಬಾಗಿಲು ದಾಟುವ ಮುಂಚೆ ಇನ್ನೊಂದು ದಾಟುತ್ತಿರಲಿಲ್ಲ.

ದೇವಾಜಮ್ಮನಿಗೆ ಮೂವರು ಗಂಡುಮಕ್ಕಳು, ಮೂವರು ಸೊಸೆಯರು. ಕೊನೆಯವಳು ಚಿಕ್ಕತಾಯಿ. ಮದುವೆಯಾಗಿ ಬರುವಾಗ ತವರಿನಿಂದ ಮಲ್ಲಿ ಅನ್ನುವ ಬಿಳಿ ಮೇಕೆಯನ್ನು ಹಿಡಿದುಕೊಂಡು ಬಂದಳಂತೆ. ತಾಯಿ ಸತ್ತ ಮರಿ ಅದು, ಬಟ್ಟೆಯನ್ನು ಹಾಲಿನಲ್ಲಿ ಅದ್ದಿ ಚೀಪಿಸಿ ಅವಳೇ ಬದುಕಿಸಿದ್ದಳಂತೆ. ಆ ಮನೆಯ ಪದ್ಧತಿ ಏನೆಂದರೆ, ಕಂಬಳಿ ಇರಲಿ, ಕುಡಿಕೆ ಇರಲಿ, ಹೊರಗಿನಿಂದ ಬಂದದ್ದು ತೊಳೆದೇ ಒಳಗೆ ಹೋಗಬೇಕು. ಮೇಕೆಗೂ ಸೀಗೆಕಾಯಿ ಉಜ್ಜಿ, ಅರಿಸಿನದ ನೀರು ಹುಯ್ದು, ಸಾಂಬ್ರಾಣಿ ಹೊಗೆ ಹಿಡಿಸಿದರಂತೆ. ಅತ್ತೆ, ನಮ್ಮೂರಲ್ಲಿ ಹೊಸ ಮೇಕೆಯನ್ನು ತೊಳೆಯೋದಿಲ್ಲ, ಕೊಟ್ಟಿಗೆಯ ಕಸವನ್ನೇ ಮೈಗೆ ಸವರಿ ಬಿಡ್ತೀವಿ ಅಂದಳಂತೆ ಚಿಕ್ಕತಾಯಿ. ನಿಮ್ಮೂರಲ್ಲಿ ಏನು ಬೇಕಾದರೂ ಸವರಿಕೊಳ್ಳಿ, ಇದು ನಮ್ಮ ಮನೆ ಅಂದರಂತೆ ದೇವಾಜಮ್ಮ. ಹಿರಿಯ ಸೊಸೆಯರು ಸೆರಗು ಬಾಯಿಗಿಟ್ಟು ನಕ್ಕರಂತೆ.

ಆಮೇಲೆ ಮೊದಲನೆಯ ದಿನ ಮಲ್ಲಿಯನ್ನು ಒಳಗೆ ಬಿಟ್ಟರೆ, ಕೆಂಚಿ ಬಂದು ಮೂಸಿ, ಸೀನಿ, ಎರಡು ಹೆಜ್ಜೆ ಹಿಂದೆ ಸರಿದು ಗುದ್ದಿ ಗೋಡೆಗೆ ಒತ್ತಿತಂತೆ. ಇನ್ನೂ ಕೊಳೆ ಇದೆ ಅಂತ ದೇವಾಜಮ್ಮ ಮತ್ತೆ ತೊಳೆಸಿದರಂತೆ. ಎರಡನೆಯ ದಿನ ಐದೂ ಸೇರಿ ಬಾನಿಯ ಸುತ್ತ ನಿಂತು, ಮಲ್ಲಿಗೆ ಒಂದು ಗುಟುಕು ನೀರು ಕುಡಿಯಲು ಬಿಡಲಿಲ್ಲವಂತೆ. ಮತ್ತೆ ಸೀಗೆಕಾಯಿ. ಮೂರನೆಯ ದಿನ ಕೆಂಚಿ ಗುದ್ದಿದ ಏಟಿಗೆ ಮಲ್ಲಿಯ ಕೊಂಬಿನ ಬುಡ ಬಿರಿದು ರಕ್ತ ಬಂದಿತಂತೆ. ಆಮೇಲೆ ಅದು ಗೋಡೆಗೆ ಮುಖ ಮಾಡಿ ನಿಂತದ್ದು ಕದಲಲಿಲ್ಲ, ಸೊಪ್ಪು ಮುಟ್ಟಲಿಲ್ಲ, ಮೆಲುಕು ಹಾಕುವುದನ್ನೂ ಬಿಟ್ಟಿತಂತೆ. ಮೆಲುಕು ನಿಂತ ಮೇಕೆ ಉಳಿಯುವುದಿಲ್ಲ ಅಂತ ಚಿಕ್ಕತಾಯಿಗೆ ಗೊತ್ತಿತ್ತು. ಬದುಕಿಸಿದವಳೇ ಕರೆತಂದು ಕೊಂದೆನಲ್ಲ ಮಲ್ಲಿ, ಇಲ್ಲಿ ನಮಗೆ ಯಾರೂ ಇಲ್ಲ ಅಂತ ಅದರ ಕತ್ತು ಹಿಡಿದು ಅತ್ತಳಂತೆ. ಗಂಡ ಅಮ್ಮನ ಮುಖ ನೋಡಿ ಹೊಲದ ಕಡೆ ನಡೆದನಂತೆ. ದೇವಾಜಮ್ಮ ಅಂದರಂತೆ, ಮೂರು ಸಲ ತೊಳೆದರೂ ಹೋಗದ್ದು ನಿನ್ನ ತವರಿನ ಕೊಳೆ, ನಾಳೆ ಇದನ್ನು ಸಂತೆಗೆ ಹೊಡೆಸುತ್ತೇನೆ, ಕೊಯ್ಯುವವರು ಒಯ್ಯಲಿ.

ಆಮೇಲೆ ಬೆಳಕು ಹರಿಯುತ್ತಲೇ ಚಿಕ್ಕತಾಯಿ ಕೊಟ್ಟಿಗೆಗೆ ಹೋಗಿ, ಕೆಂಚಿ ಮಲಗುವ ಜಾಗದಿಂದ ಗಂಜಳದಲ್ಲಿ ನೆನೆದ ಸೊಪ್ಪು ಬಾಚಿ, ಮಲ್ಲಿಯ ಕಿವಿಯಿಂದ ಬಾಲದವರೆಗೂ ಉಜ್ಜಿದಳಂತೆ. ಅದೇ ಕೈಯನ್ನು ಐದಕ್ಕೂ ಒರೆಸಿದಳಂತೆ. ಆಮೇಲೆ ಆರನ್ನೂ ಬಯಲಿಗೆ ಹೊಡೆದುಕೊಂಡು ಹೋಗಿ, ಆರು ಕಡೆ ಸೊಪ್ಪು ಹಾಕಿ ದೂರ ಕೂತಳಂತೆ. ಬಯಲಲ್ಲಿ ಒತ್ತುವುದಕ್ಕೆ ಗೋಡೆಯೂ ಇಲ್ಲ. ಕೆಂಚಿ ಬಂದಿತು, ಬಹಳ ಹೊತ್ತು ಮೂಸಿತು, ತನ್ನದೇ ವಾಸನೆ. ತಿರುಗಿಕೊಂಡು ಹೋಗಿ ಸೊಪ್ಪಿಗೆ ಬಾಯಿ ಹಾಕಿತಂತೆ. ಬಿಸಿಲು ಏರಿದ ಮೇಲೆ ಮಲ್ಲಿ ಒಂದು ಎಲೆ ತಿಂದಿತಂತೆ. ಮಧ್ಯಾಹ್ನಕ್ಕೆ ಮೆಲುಕು ಹಾಕಿತಂತೆ. ಸಂಜೆ ಕೆಂಚಿ ಬಾಗಿಲು ದಾಟಿತು, ಹಿಂದೆ ನಾಲ್ಕು, ಅದರ ಹಿಂದೆ ಮಲ್ಲಿ. ದೇವಾಜಮ್ಮ ನೋಡುತ್ತ ನಿಂತಿದ್ದರಂತೆ, ಸಂತೆಯ ಮಾತು ಎತ್ತಲಿಲ್ಲವಂತೆ.

ಮೇಕೆಯ ಕತೆ ಸುಖವಾಗಿ ಅಲ್ಲಿಗೆ ಮುಗೀತು. ಚಿಕ್ಕತಾಯಿ ಮಾತ್ರ ಊಟಕ್ಕೆ ಕೂರಲಿಲ್ಲವಂತೆ. ಮೈಯೆಲ್ಲ ಗಂಜಳ, ಹಾಗೇ ಹೊಸ್ತಿಲಾಚೆ ನಿಂತಳಂತೆ. ತೊಳೆದುಕೊಂಡು ಬಾ, ಮುದ್ದೆ ಆರ್ತಾ ಇದೆ ಅಂದರಂತೆ ದೇವಾಜಮ್ಮ.

ಆರಲಿ ಅತ್ತೆ, ಅಂದಳಂತೆ. ನನ್ನ ತವರನ್ನು ಕೊಳೆ ಅಂದಿರಿ. ತಪ್ಪಾಯಿತು ಅನ್ನಿ.