ಸಂತೆಯಲ್ಲಿ ಜಗಲಿಯಿಲ್ಲ

ಸಾಹುಕಾರ ತೋಂಟದಾರಪ್ಪ ತನ್ನ ಪಿಕಪ್ ಗಾಡಿಯನ್ನು ಎತ್ತರಿಸಿ ದೊಡ್ಡ ಟಯರ್ ಹಾಕಿಸಿದ. ವಾರವಾರ ಅದರಲ್ಲೇ ಸಂತೆಗೆ ಹೋಗುತ್ತಿದ್ದ ಅವನ ತಾಯಿ ಚೆನ್ನವ್ವನಿಗೆ ಹತ್ತಲಾಗಲಿಲ್ಲ.

ಸಾಹುಕಾರ ಡ್ರೈವರನ ಮೇಲೆ ಹಾರಾಡಿದ. "ಗಾಡಿ ತಗ್ಗಿಸೋದಿಲ್ಲ. ನಮ್ಮವ್ವನ್ನ ಮೂಟೆ ಥರ ಎತ್ತೋ ಹಾಗೂ ಇಲ್ಲ. ಏನಾದ್ರೂ ಮಾಡು!"

ಡ್ರೈವರ್ ಗಾಡಿಯನ್ನು ಮನೆಯ ಜಗಲಿಗೆ ತಾಗಿಸಿ ನಿಲ್ಲಿಸಿದ. ಅವ್ವ ಜಗಲಿಯಿಂದ ನೇರ ಒಳಗೆ ಕಾಲಿಟ್ಟಳು. ಸಾಹುಕಾರ ಮೀಸೆ ತಿರುವಿದ.

ಸಂಜೆ ಅವ್ವ ಸಪ್ಪೆ ಮುಖದಲ್ಲಿ ಬಂದಳು. ಸಂತೆ ಮುಗಿಯುವವರೆಗೂ ಗಾಡಿಯಲ್ಲೇ ಕೂತಿದ್ದಳಂತೆ.

"ಯಾಕೋ ಇಳಿಸಲಿಲ್ಲ?"

"ಸಂತೇಲಿ ಜಗಲಿ ಎಲ್ಲಿದೆ ಧಣಿ? ನೀವು ಎತ್ತರಿಸಿದ್ದು ಗಾಡೀನ, ಊರನ್ನಲ್ಲ."

ಸಾಹುಕಾರ ಮರುದಿನವೇ ಗಾಡಿ ತಗ್ಗಿಸಿದ.

ಮತ್ತೆ ಸಂತೆ ಬಂತು. ಅವ್ವ ಚೀಲವನ್ನು ಡ್ರೈವರನ ಕೈಗಿಟ್ಟಳು.

"ನೀನೇ ಹೋಗಿ ಬಾರಪ್ಪ. ಎಲೆ ಮಾರೋ ಗಿರಿಜಿ ಇಷ್ಟು ವರ್ಷ ನನ್ನನ್ನ 'ಲೇ ಚೆನ್ನಿ' ಅಂತಿದ್ದಳು. ಹೋದ ವಾರ ಕತ್ತೆತ್ತಿ ನೋಡಿ, 'ಅಮ್ಮಾವ್ರೇ' ಅಂದುಬಿಟ್ಟಳು."