ಖಾಲಿಯಾಗದ ಡಬ್ಬ

ದೇವರು ದೊಡ್ಡವನು, ಬುದ್ಧಿಯನ್ನೆಲ್ಲ ದೊಡ್ಡ ಅಂಗಡಿಗಳಲ್ಲೇ ಇಟ್ಟಿಲ್ಲ.

ಆಯುಧಪೂಜೆಗೆ ಒಂದೇ ದಿನ ಉಳಿದಿತ್ತು. ಮಾಲಿ ಕೆಂಪಯ್ಯ ಹುಲ್ಲು ಕತ್ತರಿಸುವ ಮಿಷನ್ ಕೊಳ್ಳಲು ನಂಜುಂಡ ಶೆಟ್ಟರ ಅಂಗಡಿಗೆ ಬಂದ. ಹಳೆಯದು ಪದೇ ಪದೇ ಕೆಟ್ಟು, ಅವನು ನೋಡಿಕೊಳ್ಳುತ್ತಿದ್ದ ಎಂಟು ಮನೆಗಳ ತೋಟಗಳಲ್ಲಿ ಎರಡು ಕೈತಪ್ಪಿದ್ದವು. ಹೊಸದೂ ಕೈಕೊಟ್ಟರೆ ಉಳಿದ ಆರೂ ಹೋದಂತೆಯೇ.

ಶೆಟ್ಟರು ಫಳಫಳ ಹೊಳೆಯುವ ಕೆಂಪು ಮಿಷನ್ ತೋರಿಸಿದರು. "ಕಣ್ಣು ಮುಚ್ಕೊಂಡು ಇದನ್ನ ತಗೊಂಡು ಹೋಗು. ಕುಡುಗೋಲು ಹಿಡಿಯೋನಿಗೆ ಮಿಷನ್ ವಿಚಾರ ಏನು ಗೊತ್ತು?"

"ಏನೂ ಗೊತ್ತಿಲ್ಲ ಶೆಟ್ರೇ. ಮೂಲೇಲಿರೋ ಆ ಹಸಿರು ಮಿಷನ್ನು?"

"ಅದಾ? ಎಮ್ಮೆ ಥರ ಇದೆ. ಎರಡೂ ನಲವತ್ತು ನಲವತ್ತು ಮಾರಿದೀನಿ, ಆದ್ರೆ ಕೆಂಪಿನ ಅಂದ ಅದಕ್ಕೆಲ್ಲಿ!"

"ನಾಳೆ ಕೆಟ್ಟರೆ ಕೆಂಪಿನ ಸಾಮಾನು ಸಿಗ್ತದಾ?"

ಶೆಟ್ಟರಿಗೆ ಹುರುಪೇರಿತು. "ಸಿಗ್ತದಾ ಅಂತ ಕೇಳ್ತೀಯಲ್ಲೋ! ಬೆಲ್ಟು, ಬೇರಿಂಗು ವಾರವಾರ ತರಿಸ್ತೀನಿ. ಎರಡೇ ದಿನಕ್ಕೆ ಡಬ್ಬ ಖಾಲಿ!"

"ಹಸಿರಿಂದು?"

"ಅಯ್ಯೋ, ಆ ಡಬ್ಬ ಮೂರು ವರ್ಷದಿಂದ ಅಲ್ಲೇ ಕೂತಿದೆ. ಕೇಳೋರೇ ಇಲ್ಲ. ಧೂಳು ನೋಡು!"

ಕೆಂಪಯ್ಯನ ಮುಖ ಹಿಗ್ಗಿನಿಂದ ಅರಳಿತು. "ಹಸಿರೇ ಕೊಡಿ ಶೆಟ್ರೇ!"

ಶೆಟ್ಟರು ಖಾಲಿ ಡಬ್ಬ ನೋಡಿದರು, ತುಂಬಿದ ಡಬ್ಬ ನೋಡಿದರು. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕರು. "ಅಲ್ಲಯ್ಯಾ, ನನ್ನ ಬಾಯಲ್ಲೇ ಹೇಳಿಸ್ಬಿಟ್ಟೆಯಲ್ಲ!"

ಕೆಂಪಯ್ಯ ಪೂಜೆಗೆಂದು ತಂದಿದ್ದ ಕುಂಕುಮ, ಹೂವನ್ನು ಹಸಿರು ಮಿಷನ್ನಿಗೆ ಅಲ್ಲೇ ಇಟ್ಟ. ಒಂದು ಸೇವಂತಿಗೆ ಮಿಕ್ಕಿತ್ತು. ಅದನ್ನು ಧೂಳು ಹಿಡಿದ ಡಬ್ಬದ ಮೇಲಿಟ್ಟು ಕೈಮುಗಿದ.

"ತಾಯಿ, ನೀನು ಇಲ್ಲೇ ಸುಖವಾಗಿ ಕೂತಿರು. ನಮ್ಮನೆ ಕಡೆ ಮಾತ್ರ ಬರಬೇಡ."